ಸಿಕ್ಕ ಜಾಗ, ಹುಟ್ಟಿದ ಜಾಗ: ಹಿಮ ಹೊತ್ತು ತಂದ ಎಲುಬುಗಳ ಪಾಠ



ದ್ವಿತೀಯ ಪಿಯುಸಿ ಜೀವಶಾಸ್ತ್ರದ ‘ವಿಕಾಸ’ ಅಧ್ಯಾಯದಲ್ಲಿ ಇಕ್ತಿಯೋಸಾರ್ ಎಂಬ ಹೆಸರು ಒಂದೆರಡು ಸಾಲಿನಲ್ಲಿ ಬಂದು ಹೋಗುತ್ತದೆ. ನೆಲದ ಮೇಲಿದ್ದ ಕೆಲವು ಸರೀಸೃಪಗಳು ಮತ್ತೆ ನೀರಿಗೆ ಮರಳಿ ಮೀನಿನಂಥ ರೂಪ ಪಡೆದವು ಎಂಬುದಕ್ಕೆ ಅದು ಉದಾಹರಣೆ. ಈ ಸಾಲುಗಳನ್ನು ಪಾಠ ಮಾಡುವಾಗಲೆಲ್ಲ ತರಗತಿಯಿಂದ ನನಗೆ ಎರಡು ಪ್ರಶ್ನೆ ಬರುತ್ತವೆ. ಇಂಥ ಎಲುಬುಗಳು ಎಲ್ಲಿ ಸಿಗುತ್ತವೆ? ನಮ್ಮ ಆನೆಗೊಂದಿಯ ಬಂಡೆಗಳ ನಡುವೆ ಹುಡುಕಿದರೆ ಸಿಗುತ್ತವೆಯೇ?

ಎರಡಕ್ಕೂ ಒಂದೊಂದು ವಾಕ್ಯದಲ್ಲಿ ಉತ್ತರ ಹೇಳಿ ಮುಗಿಸಬಹುದು. ಆದರೆ ಉತ್ತರಕ್ಕಿಂತ ಅದನ್ನು ತಲುಪುವ ದಾರಿ ಮುಖ್ಯ. ಆ ದಾರಿಯನ್ನು ಚೆನ್ನಾಗಿ ತೋರಿಸುವುದು ಒಂದು ವಿಚಿತ್ರ ಸಂಗತಿ: ಬೆಚ್ಚಗಿನ ಕಡಲಿನಲ್ಲಿ ಈಜಾಡಿದ ಸರೀಸೃಪಗಳ ಎಲುಬುಗಳು ಹಿಮನದಿ ಬಿಟ್ಟುಹೋದ ಮಣ್ಣಿನಲ್ಲಿ ಸಿಗುತ್ತವೆ. ಇದು ಹೇಗೆ ಸಾಧ್ಯ ಎಂಬುದನ್ನು ಮೊದಲು ನೋಡೋಣ. ಆಮೇಲೆ ನಮ್ಮ ಊರಿನ ಬಂಡೆಗಳ ಬಳಿಗೆ ಬರೋಣ.

ಯಾವ ಪ್ರಾಣಿಗಳು ಇವು?

ಕಡಲ ಸರೀಸೃಪಗಳಲ್ಲಿ ಎರಡು ಗುಂಪುಗಳನ್ನು ನೆನಪಿಟ್ಟರೆ ಸದ್ಯಕ್ಕೆ ಸಾಕು. ಮೊದಲನೆಯದು ಇಕ್ತಿಯೋಸಾರ್. ಸುಮಾರು 25 ಕೋಟಿ ವರ್ಷಗಳ ಹಿಂದೆ ಕಾಣಿಸಿಕೊಂಡು, ಸುಮಾರು 9 ಕೋಟಿ ವರ್ಷಗಳ ಹಿಂದೆ ಅಳಿಯಿತು. ನೋಡಲು ಡಾಲ್ಫಿನ್‌ನಂತೆ, ದೊಡ್ಡ ಕಣ್ಣು, ಉದ್ದ ಮೂತಿ. ಆದರೆ ಡಾಲ್ಫಿನ್ ಸಸ್ತನಿ, ಇದು ಸರೀಸೃಪ. ಒಂದೇ ಬಗೆಯ ಬದುಕು ಬೇರೆ ಬೇರೆ ವಂಶದ ಪ್ರಾಣಿಗಳಿಗೆ ಒಂದೇ ಬಗೆಯ ಮೈಕಟ್ಟು ಕೊಡುತ್ತದೆ ಎಂಬುದಕ್ಕೆ ಪರೀಕ್ಷೆಯಲ್ಲಿ ಬರೆಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಇದು ಮೊಟ್ಟೆ ಇಡಲು ದಡಕ್ಕೆ ಬರುತ್ತಿರಲಿಲ್ಲ, ನೀರಿನಲ್ಲೇ ಮರಿ ಹಾಕುತ್ತಿತ್ತು. ಜರ್ಮನಿಯ ಹೋಲ್ಜ್‌ಮಾಡೆನ್‌ನಲ್ಲಿ ಹೊಟ್ಟೆಯೊಳಗೆ ಮರಿಗಳಿದ್ದ ಪಳೆಯುಳಿಕೆಗಳೇ ಸಿಕ್ಕಿವೆ.

ಎರಡನೆಯದು ಪ್ಲೀಸಿಯೋಸಾರ್. ನಾಲ್ಕು ದೊಡ್ಡ ಹುಟ್ಟುಗಳಂಥ ಕಾಲು, ಹಲವು ಜಾತಿಗಳಲ್ಲಿ ಬಹಳ ಉದ್ದದ ಕುತ್ತಿಗೆ. ಇದು 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳ ಜೊತೆಗೇ ಮರೆಯಾಯಿತು.

ಇಂಗ್ಲೆಂಡಿನ ದಕ್ಷಿಣ ತೀರದ ಲೈಮ್ ರೀಜಿಸ್‌ನಲ್ಲಿ ಮೇರಿ ಆನಿಂಗ್ (1799–1847) ಎಂಬ ಬಡ ಕುಟುಂಬದ ಹುಡುಗಿ ತನ್ನ ಅಣ್ಣನ ಜೊತೆ 1811–12ರಲ್ಲಿ ಇಕ್ತಿಯೋಸಾರ್‌ನ ಅಸ್ಥಿಪಂಜರವನ್ನು ಹೊರತೆಗೆದಳು. 1823ರಲ್ಲಿ ಪೂರ್ತಿಯಾದ ಪ್ಲೀಸಿಯೋಸಾರ್ ಕೂಡ ಅವಳ ಕೈಗೇ ಸಿಕ್ಕಿತು. ಅವು ಸತ್ತು ಮುಳುಗಿದ ಕೆಸರಿನಲ್ಲೇ, ಅದೇ ಪದರದಲ್ಲೇ ಉಳಿದಿದ್ದ ಎಲುಬುಗಳು. ಅಲ್ಲಿ ಸಿಕ್ಕ ಜಾಗವೂ ಹುಟ್ಟಿದ ಜಾಗವೂ ಒಂದೇ. ಎಲ್ಲ ಕಡೆ ಹಾಗಿರುವುದಿಲ್ಲ.

ಒಂದು ಕಗ್ಗಂಟು

ಈಗ ಇಂಗ್ಲೆಂಡಿನ ಪೂರ್ವ ತೀರದ ಹೋಲ್ಡರ್‌ನೆಸ್‌ಗೆ ಬನ್ನಿ. ಅಲ್ಲಿನ ಕಡಲ ದಂಡೆಯ ಗೋಡೆ ಬಂಡೆಯದಲ್ಲ, ಮಣ್ಣಿನದು. ಸುಮಾರು 20 ಸಾವಿರ ವರ್ಷಗಳ ಹಿಂದೆ ಹಿಮದ ಹಾಳೆ ಉತ್ತರದಿಂದ ಜಾರಿ ಬಂದು, ಕರಗಿ, ತಾನು ಹೊತ್ತು ತಂದದ್ದನ್ನೆಲ್ಲ ಅಲ್ಲಿ ಸುರಿದು ಹೋಯಿತು. ಈ ಮಣ್ಣಿಗೆ ‘ಟಿಲ್’ ಎಂದು ಹೆಸರು. ಯೂರೋಪಿನಲ್ಲಿ ಅತಿ ವೇಗವಾಗಿ ಕುಸಿಯುವ ತೀರಗಳಲ್ಲಿ ಇದೂ ಒಂದು. ವರ್ಷಕ್ಕೆ ಸರಾಸರಿ ಒಂದೂವರೆಯಿಂದ ಎರಡು ಮೀಟರ್ ನೆಲ ಕಡಲ ಪಾಲಾಗುತ್ತದೆ. ಕುಸಿದ ಮಣ್ಣನ್ನು ಅಲೆ ತೊಳೆದಾಗ ಕಲ್ಲುಗಳ ನಡುವೆ ಆಗಾಗ ಇಕ್ತಿಯೋಸಾರ್ ಅಥವಾ ಪ್ಲೀಸಿಯೋಸಾರ್‌ನ ಬೆನ್ನುಮೂಳೆಯ ಮಣಿ ಸಿಗುತ್ತದೆ. ಅದೇ ತೀರದಲ್ಲಿ ಹಿಮಯುಗದ ಆನೆಯಾದ ಮ್ಯಾಮತ್‌ನ ಹಲ್ಲೂ ಸಿಗುವುದುಂಟು.

ನಿಮ್ಮ ಕೈಯಲ್ಲಿ ಎರಡೂ ಇವೆ ಎಂದುಕೊಳ್ಳಿ. ರೆಕಾರ್ಡ್ ಬುಕ್ಕಿನಲ್ಲಿ ಏನು ಬರೆಯುತ್ತೀರಿ? ಎರಡೂ ಒಂದೇ ಕಡೆ ಸಿಕ್ಕಿದವು, ಆದ್ದರಿಂದ ಎರಡೂ ಒಂದೇ ಕಾಲದವು ಎಂದು ಬರೆದರೆ 15 ಕೋಟಿ ವರ್ಷಕ್ಕೂ ಮೀರಿದ ತಪ್ಪಾಗುತ್ತದೆ! ಹಿಮಗಡ್ಡೆಯ ಪಕ್ಕದಲ್ಲಿ ಇಕ್ತಿಯೋಸಾರ್ ಈಜುತ್ತಿತ್ತು ಎಂಬ ಸುಳ್ಳು ಚಿತ್ರ ನಿಮ್ಮ ಕೈಯಿಂದಲೇ ಹುಟ್ಟುತ್ತದೆ. ಎಲುಬು ನಿಜ, ಸಿಕ್ಕ ಜಾಗವೂ ನಿಜ. ಎರಡನ್ನೂ ಜೋಡಿಸಿದ ರೀತಿ ಮಾತ್ರ ಸುಳ್ಳು.

ಗಿರಣಿ ಮತ್ತು ಜೆಸಿಬಿ

ಮಣ್ಣು, ಕಲ್ಲುಗಳನ್ನು ನೀರು ಸಾಗಿಸುವುದಕ್ಕೂ ಹಿಮ ಸಾಗಿಸುವುದಕ್ಕೂ ದೊಡ್ಡ ವ್ಯತ್ಯಾಸವಿದೆ. ಗಂಗಾವತಿಯ ಅಕ್ಕಿ ಗಿರಣಿ ನೋಡಿದ್ದೀರಿ. ಇಡೀ ಅಕ್ಕಿ ಒಂದು ಕಡೆ, ನುಚ್ಚು ಒಂದು ಕಡೆ, ತೌಡು ಇನ್ನೊಂದು ಕಡೆ. ನದಿ ಹಾಗೆ ವಿಂಗಡಿಸುತ್ತದೆ: ದೊಡ್ಡ ಗುಂಡು ಬೆಟ್ಟದ ಬುಡದಲ್ಲಿ, ಸಣ್ಣ ಕಲ್ಲು ಮುಂದೆ, ಮರಳು ಇನ್ನೂ ಮುಂದೆ, ಜೇಡಿ ಕೊನೆಗೆ.

ಈ ಮಾತು ಹೊಸದಲ್ಲ. ಸುಮಾರು 1030ರಲ್ಲಿ ಅಲ್-ಬೀರೂನಿ ತನ್ನ ‘ಕಿತಾಬ್ ಅಲ್-ಹಿಂದ್’ ಗ್ರಂಥದಲ್ಲಿ ಉತ್ತರ ಭಾರತದ ಬಯಲನ್ನು ಹೀಗೆಯೇ ಓದಿದ. ನೆಲ ಅಗೆದಾಗ ಸಿಗುವ ದುಂಡು ಕಲ್ಲುಗಳು ಬೆಟ್ಟದ ಬಳಿ ದೊಡ್ಡವು, ದೂರ ಹೋದಂತೆ ಚಿಕ್ಕವು, ಕಡಲ ಹತ್ತಿರ ಬರೀ ಮರಳು. ಇದನ್ನು ಗಮನಿಸಿದರೆ ಈ ಬಯಲು ಹಿಂದೆ ಕಡಲಾಗಿತ್ತು, ನದಿಗಳು ತಂದ ಮಣ್ಣು ಅದನ್ನು ತುಂಬಿತು ಎಂದು ತಿಳಿಯುತ್ತದೆ ಎಂಬುದು ಅವನ ವಾದದ ಸಾರ. ಸೂಕ್ಷ್ಮದರ್ಶಕವೂ ಇಲ್ಲದ ಕಾಲದಲ್ಲಿ ಕಲ್ಲಿನ ಗಾತ್ರವನ್ನೇ ಸಾಕ್ಷಿಯಾಗಿ ಹಿಡಿದ ಬುದ್ಧಿ ಅದು.

ಹಿಮ ಹಾಗಲ್ಲ. ಅದು ಜೆಸಿಬಿಯಂತೆ. ಎದುರಿಗೆ ಬಂದದ್ದನ್ನೆಲ್ಲ ಬಾಚಿ ಒಂದೇ ರಾಶಿಯಲ್ಲಿ ಸುರಿಯುತ್ತದೆ. ಮನೆಯಷ್ಟು ದೊಡ್ಡ ಬಂಡೆ, ಹುಡಿ ಜೇಡಿ, ಸುಣ್ಣಕಲ್ಲು, ಪಳೆಯುಳಿಕೆ ಎಲ್ಲವೂ ಕಲಸಿದಂತೆ ಇರುತ್ತವೆ. ಹಿಮದ ತಳದಲ್ಲಿ ಸಿಕ್ಕಿಕೊಂಡ ಕಲ್ಲುಗಳು ಒಂದಕ್ಕೊಂದು ಉಜ್ಜಿ, ಮೈಮೇಲೆ ಗೆರೆ ಗೆರೆಯಾದ ಗೀರು ಬಿದ್ದಿರುತ್ತವೆ. ವಿಂಗಡಣೆ ಇಲ್ಲದ ರಾಶಿ ಮತ್ತು ಗೀರು ಬಿದ್ದ ಕಲ್ಲು ಹಿಮದ ದೊಡ್ಡ ಗುರುತುಗಳು.

ಇದನ್ನು ವಿಜ್ಞಾನಿಗಳು ಒಪ್ಪಲು ಸಮಯ ಹಿಡಿಯಿತು. ಆಕ್ಸ್‌ಫರ್ಡಿನ ವಿಲಿಯಂ ಬಕ್‌ಲೆಂಡ್ ಭೂವಿಜ್ಞಾನಿಯೂ ಪಾದ್ರಿಯೂ ಆಗಿದ್ದವರು. ಇಂಥ ಮಣ್ಣನ್ನು ಮಹಾಪ್ರವಾಹ ತಂದದ್ದೆಂದು 1823ರಲ್ಲಿ ಪುಸ್ತಕವನ್ನೇ ಬರೆದಿದ್ದರು. 1840ರಲ್ಲಿ ಸ್ವಿಟ್ಜರ್ಲೆಂಡಿನ ಲೂಯಿ ಅಗಾಸಿ ಜೊತೆ ಸ್ಕಾಟ್‌ಲೆಂಡಿನಲ್ಲಿ ಓಡಾಡಿ, ಗೀರು ಬಿದ್ದ ಬಂಡೆಗಳನ್ನು ನೋಡಿದ ಮೇಲೆ ಹಿಮದ ವಾದವನ್ನು ಬಹಿರಂಗವಾಗಿ ಬೆಂಬಲಿಸಿದರು. ಹೆಸರು ಮಾಡಿದ ಮೇಲೂ ಸಾಕ್ಷಿ ಕಂಡಾಗ ಅಭಿಪ್ರಾಯ ಬದಲಿಸಿದ ಈ ಧೈರ್ಯವನ್ನು ನೀವು ಗಮನಿಸಬೇಕು.

ಎಲುಬನ್ನು ಓದುವ ಕ್ರಮ

ಹಿಮದ ಮಣ್ಣಿನಲ್ಲಿ ಸಿಕ್ಕ ಎಲುಬು ತನ್ನ ಮನೆ ಕಳೆದುಕೊಂಡಿದೆ. ಅದರ ಊರು ಪತ್ತೆ ಹಚ್ಚುವುದು ಹೇಗೆ? ಕೆಲಸ ಹಂತ ಹಂತವಾಗಿ ನಡೆಯುತ್ತದೆ.

ಮೊದಲ ಹಂತ: ಇದು ಎಲುಬೇ? ಭೂತಗನ್ನಡಿ ಹಿಡಿದು ಮುರಿದ ಅಂಚನ್ನು ನೋಡಬೇಕು. ಎಲುಬಿನೊಳಗೆ ಸ್ಪಂಜಿನಂಥ ಸಣ್ಣ ರಂಧ್ರಗಳ ಜಾಲ ಇರುತ್ತದೆ; ಸಾದಾ ಕಲ್ಲಿನಲ್ಲಿ ಆ ಕ್ರಮಬದ್ಧ ಜಾಲ ಇರುವುದಿಲ್ಲ. ಆಕಾರ ನೋಡಿ ಮೋಸ ಹೋಗಬೇಡಿ. ನಿಮ್ಮ ಮನೆಯ ನೆಲದ ಹಾಸುಗಲ್ಲಿನಲ್ಲಿ ಜರಿಗಿಡದ ಎಲೆಯಂಥ ಕಪ್ಪು ಚಿತ್ರ ಕಂಡರೆ ಅದು ಸಾಮಾನ್ಯವಾಗಿ ಗಿಡವಲ್ಲ, ಬಿರುಕಿನಲ್ಲಿ ಹರಡಿದ ಮ್ಯಾಂಗನೀಸ್ ಖನಿಜ.

ಎರಡನೆಯ ಹಂತ: ಯಾರ ಎಲುಬು? ಇಕ್ತಿಯೋಸಾರ್‌ನ ಬೆನ್ನುಮೂಳೆಯ ಮಣಿ ಕ್ಯಾರಂ ಸ್ಟ್ರೈಕರ್‌ನಂತೆ ಚಪ್ಪಟೆ ಬಿಲ್ಲೆ. ಎರಡೂ ಮುಖ ಬಟ್ಟಲಿನಂತೆ ಒಳಕ್ಕೆ ತಗ್ಗಿರುತ್ತದೆ. ಪ್ಲೀಸಿಯೋಸಾರ್‌ನದು ದಾರದ ಉಂಡೆಯ ರೀಲಿನಂತೆ. ಮುಖಗಳು ಹೆಚ್ಚುಕಡಿಮೆ ಸಮತಟ್ಟು, ಕೆಳಭಾಗದಲ್ಲಿ ರಕ್ತನಾಳ ಹೋಗುವ ಎರಡು ಸಣ್ಣ ತೂತು. ಹಿಮದ ಮಣ್ಣಿನಲ್ಲಿ ಹೆಚ್ಚಾಗಿ ಈ ಮಣಿಗಳೇ ಏಕೆ ಸಿಗುತ್ತವೆ? ಒಂದು ಪ್ರಾಣಿಯಲ್ಲಿ ಅವುಗಳ ಸಂಖ್ಯೆ ಬಹಳ, ಜೊತೆಗೆ ಅವು ಗಟ್ಟಿ. ತೆಳುವಾದ ತಲೆಬುರುಡೆ, ಪಕ್ಕೆಲುಬುಗಳು ಹಿಮದ ಒತ್ತಡಕ್ಕೆ ಪುಡಿಯಾಗುತ್ತವೆ.

ಮೂರನೆಯ ಹಂತ: ರಂಧ್ರದೊಳಗೆ ಏನಿದೆ? ನನಗೆ ಬಹಳ ಇಷ್ಟವಾದ ಹಂತ ಇದು. ಎಲುಬು ಮೊದಲು ಹೂತುಹೋದ ಕೆಸರು ಅದರ ಸಂದುಗೊಂದುಗಳಲ್ಲಿ ಇನ್ನೂ ಅಂಟಿರುತ್ತದೆ. ಅದನ್ನು ಸೂಜಿಯಿಂದ ಕೆರೆದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಫೊರಾಮಿನಿಫೆರಾದಂಥ ಅತಿ ಸಣ್ಣ ಕಡಲ ಜೀವಿಗಳ ಚಿಪ್ಪುಗಳು ಕಾಣಬಹುದು. ಯಾವ ಜಾತಿ ಯಾವ ಕಾಲದ್ದು ಎಂಬುದು ಗೊತ್ತಿರುವುದರಿಂದ ಎಲುಬಿನ ವಯಸ್ಸು ಸಿಗುತ್ತದೆ. ಪ್ರಾಣಿ ಸಾಗಿ ಬಂದರೂ ತನ್ನ ಹಳೆಯ ಊರಿನ ಒಂದು ಚಿಟಿಕೆ ಮಣ್ಣನ್ನು ಜೊತೆಗೇ ತಂದಿದೆ ನೋಡಿ. ಅದಕ್ಕೇ ಪಳೆಯುಳಿಕೆಯನ್ನು ಸಿಕ್ಕ ಕೂಡಲೇ ತಿಕ್ಕಿ ತೊಳೆಯಬಾರದು ಎನ್ನುವುದು. ಹೊಳಪು ಬರುತ್ತದೆ, ಸಾಕ್ಷಿ ಹೋಗುತ್ತದೆ.

ನಾಲ್ಕನೆಯ ಹಂತ: ಮೈ ಹೇಗಿದೆ? ಅಂಚು ಚೂಪಾಗಿದ್ದರೆ ಉರುಳಾಟ ಕಡಿಮೆ; ದುಂಡಾಗಿ ನುಣುಪಾಗಿದ್ದರೆ ಬಹಳ ಉರುಳಿದೆ; ಗೀರು ಇದ್ದರೆ ಹಿಮದ ತಳದಲ್ಲಿ ಉಜ್ಜಿದೆ.

ಐದನೆಯ ಹಂತ: ಜೊತೆಗೆ ಬಂದವರು ಯಾರು? ಹೋಲ್ಡರ್‌ನೆಸ್‌ನ ಟಿಲ್‌ನಲ್ಲಿ ಶಾಪ್ ಗ್ರಾನೈಟ್ ಎಂಬ ಕಲ್ಲು ಸಿಗುತ್ತದೆ. ದೊಡ್ಡ ದೊಡ್ಡ ಗುಲಾಬಿ ಹರಳಿನ ಈ ಕಲ್ಲಿನ ಮೂಲ ದೇಶದ ಆಚೆ ಬದಿಯ ಕಂಬ್ರಿಯಾ. ನಾರ್ವೆಯ ಓಸ್ಲೋ ಸೀಮೆಯ ಜ್ವಾಲಾಮುಖಿ ಶಿಲೆಯೂ ಅಲ್ಲಿದೆ. ಇಂಥ ಗುರುತಿನ ಕಲ್ಲುಗಳು ಹಿಮ ಬಂದ ದಾರಿಯನ್ನು ಹೇಳುತ್ತವೆ. ಹೋಲ್ಡರ್‌ನೆಸ್‌ನ ಉತ್ತರಕ್ಕೆ, ಅದೇ ದಾರಿಯಲ್ಲಿ, ವಿಟ್‌ಬಿ ತೀರವಿದೆ. ಅಲ್ಲಿ 18 ಕೋಟಿ ವರ್ಷಗಳಷ್ಟು ಹಳೆಯ ಕಪ್ಪು ಜೇಡಿಶಿಲೆಯನ್ನು ಪಟಿಕ ತಯಾರಿಸಲು ಅಗೆಯುತ್ತಿದ್ದ ಕಾಲದಲ್ಲಿ ಇಡೀ ಇಡೀ ಸರೀಸೃಪಗಳು ಹೊರಬಂದವು. 1848ರಲ್ಲಿ ಕೆಟಲ್‌ನೆಸ್‌ನಲ್ಲಿ ಸಿಕ್ಕ ದೊಡ್ಡ ಪ್ಲೀಸಿಯೋಸಾರ್ ಅವುಗಳಲ್ಲಿ ಒಂದು. ಮಣಿಯ ಆಕಾರ, ರಂಧ್ರದ ಕೆಸರು, ಜೊತೆಯ ಕಲ್ಲು ಮೂರೂ ಆ ತೀರದ ಕಡೆಗೇ ಬೆರಳು ತೋರಿಸಿದಾಗ ಮಾತ್ರ ಅದರ ಮೂಲ ಅಲ್ಲಿ ಎಂದು ಬರೆಯಬಹುದು.

ಹೀಗಾಗಿ ರೆಕಾರ್ಡಿನಲ್ಲಿ ಎರಡು ಪ್ರತ್ಯೇಕ ಸಾಲು ಬೇಕು. ‘ಸಿಕ್ಕ ಜಾಗ’ ಒಂದು, ‘ಮೂಲದ ಪದರ’ ಇನ್ನೊಂದು. ಮೊದಲನೆಯದನ್ನು ಕಣ್ಣಾರೆ ಕಂಡು ಬರೆಯುತ್ತೇವೆ. ಎರಡನೆಯದನ್ನು ಸಾಕ್ಷಿಯಿಂದ ತೀರ್ಮಾನಿಸುತ್ತೇವೆ. ಇವೆರಡನ್ನು ಬೆರೆಸದಿರುವುದೇ ವಿಜ್ಞಾನದ ಶಿಸ್ತು.

ನಮ್ಮ ದೇಶದಲ್ಲಿ?

ಭಾರತದಲ್ಲೂ ಹಿಮದ ಮಣ್ಣು ಇದೆ. ಒಡಿಶಾದ ತಾಲ್ಚೇರ್‌ನಲ್ಲಿ ದುಂಡು ಬಂಡೆಗಳು ಜೇಡಿಯಲ್ಲಿ ಹುದುಗಿದ್ದುದನ್ನು 1856ರಲ್ಲಿ ಬ್ಲ್ಯಾನ್‌ಫರ್ಡ್ ಸಹೋದರರು ಮತ್ತು ಥಿಯೋಬಾಲ್ಡ್ ವರದಿ ಮಾಡಿ, ಇದು ಹಿಮದ ಕೆಲಸವಿರಬೇಕು ಎಂದರು. ಬಿಸಿಲಿನ ದೇಶದಲ್ಲಿ ಹಿಮವೇ ಎಂದು ಜಗತ್ತು ಬೆರಗಾಯಿತು. ಸುಮಾರು 30 ಕೋಟಿ ವರ್ಷಗಳ ಹಿಂದೆ ಭಾರತ, ಆಫ್ರಿಕ, ದಕ್ಷಿಣ ಅಮೆರಿಕ, ಅಂಟಾರ್ಕ್ಟಿಕ, ಆಸ್ಟ್ರೇಲಿಯ ಒಂದಾಗಿ ಗೊಂಡ್ವಾನ ಎಂಬ ಭೂಖಂಡವಾಗಿ ದಕ್ಷಿಣ ಧ್ರುವದ ಕಡೆಗಿದ್ದವು ಎಂಬುದು ಆಮೇಲೆ ತಿಳಿಯಿತು.

ತಾಲ್ಚೇರ್‌ನ ಆ ಮಣ್ಣಿನಲ್ಲಿ ಇಕ್ತಿಯೋಸಾರ್ ಸಿಗಬಹುದೇ? ಅಗೆಯುವ ಮೊದಲೇ ಉತ್ತರ ಹೇಳಬಹುದು: ಇಲ್ಲ. ಮೂಟೆ ಹೊಲಿದ ಮೇಲೆ ಬೆಳೆದ ಭತ್ತ ಆ ಮೂಟೆಯೊಳಗೆ ಇರಲು ಸಾಧ್ಯವಿಲ್ಲ. 30 ಕೋಟಿ ವರ್ಷಗಳ ಹಿಂದೆ ಹೊಲಿದ ಮೂಟೆಯಲ್ಲಿ 25 ಕೋಟಿ ವರ್ಷಗಳ ಹಿಂದೆ ಹುಟ್ಟಿದ ಪ್ರಾಣಿ ಇರಲಾರದು. ನೀರಿಗೆ ಮರಳಿದ ಸರೀಸೃಪಗಳಲ್ಲಿ ಬಹಳ ಹಳೆಯದಾದ ಮೀಸೋಸಾರಸ್ ಕೂಡ ಸುಮಾರು 28 ಕೋಟಿ ವರ್ಷದ್ದು. ದಕ್ಷಿಣ ಆಫ್ರಿಕದಲ್ಲಿ ಅದು ಸಿಗುವ ಪದರ ಹಿಮದ ಪದರಕ್ಕಿಂತ ಮೇಲಿದೆ. ನಿಯಮ ಇಷ್ಟೇ: ಹಿಮ ತನಗಿಂತ ಹಳೆಯದನ್ನು ಹೊತ್ತು ತರಬಲ್ಲದು, ತನಗಿಂತ ಹೊಸದನ್ನಲ್ಲ. ಇಂಗ್ಲೆಂಡಿನ ಹಿಮದ ಮಣ್ಣು ಹೊಸದು, ಎಲುಬು ಹಳೆಯದು. ಆದ್ದರಿಂದ ಅಲ್ಲಿ ಸಾಧ್ಯವಾಯಿತು. ಹಿಮಾಲಯದ ಮಾತೂ ಬೇರೆ. ಅಲ್ಲಿನ ಇಂದಿನ ಹಿಮನದಿಗಳು ಹಳೆಯ ಟೆಥಿಸ್ ಕಡಲಿನ ತಳದ ಶಿಲೆಗಳನ್ನೂ ಕೊರೆಯುತ್ತಿವೆ. ಟಿಬೆಟ್‌ನಲ್ಲಿ ಸಿಕ್ಕ ಒಂದು ದೈತ್ಯ ಇಕ್ತಿಯೋಸಾರ್‌ಗೆ 1972ರಲ್ಲಿ ‘ಹಿಮಾಲಯಸಾರಸ್’ ಎಂದೇ ಹೆಸರಿಟ್ಟರು.

ನಮ್ಮ ದೇಶದ ಇಕ್ತಿಯೋಸಾರ್‌ಗಳು ಸಿಕ್ಕಿದ್ದು ಹಿಮದಲ್ಲಿ ಅಲ್ಲ, ತಮ್ಮ ಕಡಲ ಪದರದಲ್ಲೇ. ತಮಿಳುನಾಡಿನ ತಿರುಚಿರಾಪಳ್ಳಿ–ಅರಿಯಲೂರು ಸೀಮೆಯಲ್ಲಿ ಸಿಕ್ಕ ಮಣಿಗಳನ್ನು 1879ರಲ್ಲಿ ಲೈಡೆಕ್ಕರ್ ವರ್ಣಿಸಿದರು. ಗುಜರಾತಿನ ಕಛ್‌ನ ಲೋಡಾಯಿ ಗ್ರಾಮದ ಬಳಿ ಹೆಚ್ಚುಕಡಿಮೆ ಪೂರ್ತಿಯಾದ, ಸುಮಾರು ಐದೂವರೆ ಮೀಟರ್ ಉದ್ದದ ಅಸ್ಥಿಪಂಜರ ಸಿಕ್ಕಿ, ದೆಹಲಿ ವಿಶ್ವವಿದ್ಯಾಲಯದ ಪ್ರೊ. ಗುಂಟುಪಲ್ಲಿ ಪ್ರಸಾದ್ ಮತ್ತು ಸಂಗಡಿಗರು 2017ರಲ್ಲಿ ಅದರ ವಿವರ ಪ್ರಕಟಿಸಿದರು. ಅದು 15 ಕೋಟಿ ವರ್ಷಕ್ಕೂ ಹಿಂದಿನದು. ಅದರ ಕಾಲವನ್ನು ನಿರ್ಧರಿಸಲು ನೆರವಾದದ್ದು ಅದೇ ಪದರಗಳ ಅಮೋನೈಟ್ ಎಂಬ ಸುರುಳಿ ಚಿಪ್ಪಿನ ಪ್ರಾಣಿಗಳು.

ಈಗ ಆನೆಗೊಂದಿಗೆ

ನಮ್ಮ ಬೆಟ್ಟಗಳನ್ನು ನೋಡಿದ ಹೊರ ಊರಿನವರು ಈ ಗುಂಡುಗಳನ್ನು ಇಲ್ಲಿಗೆ ತಂದು ಪೇರಿಸಿದವರು ಯಾರು ಎಂದು ಕೇಳುತ್ತಾರೆ. ವಾಲಿ ಸುಗ್ರೀವರ ಕಾಳಗದಲ್ಲಿ ಎಸೆದ ಬಂಡೆಗಳು ಎಂಬ ಕಥೆ ನಮ್ಮ ಸೀಮೆಯಲ್ಲಿದೆ. ಕಥೆಗೆ ಕಥೆಯ ಜಾಗ ಇದ್ದೇ ಇದೆ. ಇನ್ನು ಹಿಮಯುಗದ ಚಿತ್ರಗಳನ್ನು ನೋಡಿದ ವಿದ್ಯಾರ್ಥಿ ಇವನ್ನು ಹಿಮ ತಂದಿರಬಹುದೇ ಎಂದು ಕೇಳಿದರೆ ಅದು ಒಳ್ಳೆಯ ಪ್ರಶ್ನೆ. ಮೇಲಿನ ಕ್ರಮದಲ್ಲೇ ಪರೀಕ್ಷಿಸೋಣ.

ಬಂಡೆಯ ಕಲ್ಲನ್ನೂ ಅದು ಕೂತ ಬೆಟ್ಟದ ಕಲ್ಲನ್ನೂ ಹೋಲಿಸಿ: ಎರಡೂ ಅದೇ ಗ್ರಾನೈಟ್. ಪರಊರಿನ ಕಲ್ಲಿನ ಬೆರಕೆ ಇಲ್ಲ. ಬಂಡೆಗಳ ನಡುವಿನ ಮಣ್ಣನ್ನು ಅಂಗೈಯಲ್ಲಿ ಹಿಡಿಯಿರಿ: ಅದೇ ಗ್ರಾನೈಟ್ ಪುಡಿಯಾದ ಗರಸು, ಟಿಲ್‌ನಂಥ ಕಲಸು ಜೇಡಿ ಅಲ್ಲ. ದೂರದಿಂದ ನೋಡಿ: ಕೆಳಗಿನ ಬೆಟ್ಟದ ಬಿರುಕು ಮೇಲಿನ ಗುಂಡುಗಳ ನಡುವಿನ ಸಂದಿಗೆ ನೇರವಾಗಿ ಮುಂದುವರಿಯುತ್ತದೆ, ಇಟ್ಟಿಗೆ ಗೋಡೆಯ ಸಂದುಗಳಂತೆ. ಕಲ್ಲಿನ ಮೇಲೆ ಸಾಲಾಗಿ ಚೌಕದ ಕುಳಿಗಳಿದ್ದರೆ ಅವು ಹಿಮದ ಗೀರಲ್ಲ, ಹಿಂದಿನ ಕಲ್ಲುಕುಟಿಗರು ಬೆಣೆ ಹೊಡೆದ ಗುರುತು.

ತೀರ್ಮಾನ: ಇವನ್ನು ಯಾರೂ ತರಲಿಲ್ಲ, ಇದ್ದಲ್ಲೇ ಆದವು. ಬಿರುಕುಗಳಲ್ಲಿ ಇಳಿದ ನೀರು ಕಲ್ಲನ್ನು ಸವೆಸಿತು. ಮೂಲೆಗಳಿಗೆ ಮೂರು ಕಡೆಯಿಂದ ಪೆಟ್ಟು, ಅದಕ್ಕೇ ಅವು ಮೊದಲು ಕರಗಿ ಚೌಕ ದುಂಡಾಯಿತು. ಗರಸು ಮಳೆಗೆ ಕೊಚ್ಚಿಹೋಗಿ ಒಳಗಿನ ಗುಂಡುಗಳು ಬಯಲಾದವು. ಈ ಗ್ರಾನೈಟ್ ನೆಲದಾಳದಲ್ಲಿ ಕರಗಿದ ಶಿಲೆ ತಣಿದು ಆದದ್ದು, ವಯಸ್ಸು ಸುಮಾರು 250 ಕೋಟಿ ವರ್ಷ. ಆಗ ಎಲುಬಿನ ಪ್ರಾಣಿಯೇ ಇರಲಿಲ್ಲ. ಇದರೊಳಗೆ ಪಳೆಯುಳಿಕೆ ಹುಡುಕುವುದು ವ್ಯರ್ಥ.

ಆದರೂ ಸಾಗಿ ಬಂದ ಪಳೆಯುಳಿಕೆ ನಮ್ಮೂರಿನಲ್ಲೂ ಇದೆ! ನೆರೆಯ ಕೆಲವು ಮನೆಗಳ ದೇವರ ಕೋಣೆಯಲ್ಲಿರುವ ಸಾಲಿಗ್ರಾಮ. ನೇಪಾಳದ ಗಂಡಕಿ ನದಿಯಲ್ಲಿ ಸಿಗುವ, ಸುರುಳಿ ಗುರುತಿನ ಈ ಕಪ್ಪು ಕಲ್ಲುಗಳು ಟೆಥಿಸ್ ಕಡಲಿನ ಅಮೋನೈಟ್‌ಗಳು. ಕಡಲ ತಳ ಬೆಟ್ಟವಾಗಿ ಎದ್ದಿತು, ನದಿ ಅದನ್ನು ಕೊರೆದು ಕೆಳಗೆ ತಂದಿತು, ಅಲ್ಲಿಂದ ಯಾತ್ರಿಕರ ಕೈಯಲ್ಲಿ ತುಂಗಭದ್ರೆಯ ದಡಕ್ಕೆ ಬಂದಿತು. ಅದು ಅವರ ಶ್ರದ್ಧೆಯ ವಸ್ತು. ತೋರಿಸಿದರೆ ಗೌರವದಿಂದ ನೋಡಿ, ಪ್ರಯೋಗಾಲಯದ ಮಾದರಿಯಂತೆ ಕೈಹಾಕಬೇಡಿ. ಆದರೆ ಆನೆಗೊಂದಿಯಲ್ಲಿ ಸಾಲಿಗ್ರಾಮ ಇದೆ, ಆದ್ದರಿಂದ ಆನೆಗೊಂದಿ ಕಡಲಾಗಿತ್ತು ಎಂದು ಯಾರಾದರೂ ಹೇಳಿದರೆ ಆ ವಾದದ ತಪ್ಪು ಎಲ್ಲಿದೆ ಎಂದು ಈಗ ನೀವೇ ಹೇಳಬಲ್ಲಿರಿ.

ನಿಮ್ಮ ಕೈಗೆ ಏನಾದರೂ ಸಿಕ್ಕರೆ

ಗ್ರಾನೈಟ್‌ನಲ್ಲಿ ಇಲ್ಲದಿದ್ದರೂ ನಮ್ಮ ರಾಜ್ಯದ ಹಳ್ಳ, ಹೊಳೆಗಳ ಮಣ್ಣಿನಲ್ಲಿ ಹಳೆಯ ಎಲುಬುಗಳಿವೆ. ಗೋಕಾಕ ಸೀಮೆಯಲ್ಲಿ ಸಿಕ್ಕ ಘೇಂಡಾಮೃಗದ ಎಲುಬುಗಳನ್ನು ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ವರ್ಣಿಸಿದರು. ಇಂದು ಕರ್ನಾಟಕದ ಕಾಡಿನಲ್ಲಿ ಘೇಂಡಾಮೃಗವಿಲ್ಲ. ಆ ಎಲುಬುಗಳಿಲ್ಲದಿದ್ದರೆ ಅದು ಇಲ್ಲಿ ಇತ್ತು ಎಂಬುದಕ್ಕೆ ಆ ಸಾಕ್ಷಿಯೂ ಇರುತ್ತಿರಲಿಲ್ಲ. ಅದೇ ಫೂಟ್ ಬಳ್ಳಾರಿ ಸೀಮೆಯಲ್ಲಿ ನವಶಿಲಾಯುಗದ ನಯವಾದ ಕಲ್ಲಿನ ಕೊಡಲಿಗಳನ್ನೂ ಗುರುತಿಸಿದರು.

ಹೊಲ ಉಳುವಾಗ, ಕಾಲುವೆ ಅಗೆಯುವಾಗ ಇಂಥದ್ದು ಕಂಡರೆ ಕಿತ್ತು ಜೇಬಿಗೆ ಹಾಕಿಕೊಳ್ಳಬೇಡಿ. ಇದ್ದ ಹಾಗೆಯೇ ಫೋಟೋ ತೆಗೆಯಿರಿ. ಅಳತೆಗೆ ಪಕ್ಕದಲ್ಲಿ ಒಂದು ಪೆನ್ ಇಡಿ. ಎಷ್ಟು ಆಳ, ಎಂಥ ಮಣ್ಣು, ಪಕ್ಕದಲ್ಲಿ ಏನಿತ್ತು ಬರೆಯಿರಿ. ಮನೆಯ ಹಿರಿಯರಿಗೆ, ನಮಗೆ ಅಥವಾ ಪುರಾತತ್ವ ಇಲಾಖೆಯವರಿಗೆ ತಿಳಿಸಿ. ನಮ್ಮದು ಹಂಪಿಯ ವಿಶ್ವ ಪರಂಪರೆ ಪ್ರದೇಶಕ್ಕೆ ಸೇರಿದ ಊರು. ಇಲ್ಲಿ ಜಾಗ ತಪ್ಪಿದ ಒಂದೊಂದು ಕಲ್ಲೂ ಓದಲಾಗದ ಒಂದೊಂದು ಪುಟ. ಹಿಮ ಎಲುಬಿನ ಜಾಗ ತಪ್ಪಿಸಿದರೆ ಅದು ಪ್ರಕೃತಿ. ನಾವು ತಪ್ಪಿಸಿದರೆ ಅದು ಬೇಜವಾಬ್ದಾರಿ.

ಅಭ್ಯಾಸಕ್ಕೆ

1. ನದಿ ತಂದ ಮಣ್ಣಿಗೂ ಹಿಮ ತಂದ ಮಣ್ಣಿಗೂ ಇರುವ ಎರಡು ವ್ಯತ್ಯಾಸ ಬರೆಯಿರಿ.
2. ಇಕ್ತಿಯೋಸಾರ್ ಮತ್ತು ಪ್ಲೀಸಿಯೋಸಾರ್‌ಗಳ ಬೆನ್ನುಮೂಳೆಯ ಮಣಿಗಳ ಚಿತ್ರ ಬಿಡಿಸಿ, ವ್ಯತ್ಯಾಸ ಗುರುತಿಸಿ.
3. 30 ಕೋಟಿ ವರ್ಷ ಹಳೆಯ ಹಿಮದ ಮಣ್ಣಿನಲ್ಲಿ ಪ್ಲೀಸಿಯೋಸಾರ್ ಎಲುಬು ಸಿಕ್ಕಿತು ಎಂಬ ಸುದ್ದಿ ಮೊಬೈಲಿಗೆ ಬಂದರೆ ನೀವು ಏನು ಉತ್ತರಿಸುತ್ತೀರಿ?
4. ನಿಮ್ಮ ಮನೆಯಿಂದ ಕಾಲೇಜಿನವರೆಗಿನ ದಾರಿಯಲ್ಲಿ ಬೇರೆ ಕಡೆಯಿಂದ ಸಾಗಿ ಬಂದ ಮೂರು ಕಲ್ಲುಗಳನ್ನು ಗುರುತಿಸಿ. ತಂದದ್ದು ನೀರೋ ಲಾರಿಯೋ? ಹೇಗೆ ಗೊತ್ತಾಯಿತು?

ನಾಲ್ಕನೆಯ ಪ್ರಶ್ನೆಯ ಉತ್ತರವನ್ನು ಬಿಳಿ ಹಾಳೆಯಲ್ಲಿ, ‘ಸಿಕ್ಕ ಜಾಗ’ ಮತ್ತು ‘ಮೂಲ’ ಎಂಬ ಎರಡು ಕಾಲಂ ಮಾಡಿ ಬರೆದು ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ನನಗೆ ಕೊಡಿ. ಸಾಕ್ಷಿ ಇಲ್ಲದ ಕಡೆ ‘ಮೂಲ’ದ ಕಾಲಂ ಖಾಲಿ ಬಿಟ್ಟವರಿಗೂ ಪೂರ್ತಿ ಅಂಕ.